ಗೋಲ್ಡನ್ ಆಕ್ಸ್: ಒಂದೇ ಕಾಯಿನ್‌ನಲ್ಲಿ ಕೊನೆಯವರೆಗೆ ಹೋಗುವುದು ಹೇಗೆ?

ಹೊಡೆದಾಟದ ಗೇಮ್ ಅಂದರೆ ಬಟನ್ ಕುಟ್ಟುವುದು ಅಂತ ತುಂಬ ಜನ ಅಂದುಕೊಂಡಿರುತ್ತಾರೆ. ಸೆಗಾ ಕಂಪನಿಯ ‘ಗೋಲ್ಡನ್ ಆಕ್ಸ್’ ಮುಂದೆ ನಿಂತು ಹಾಗೆ ಕುಟ್ಟಿದರೆ ಮೊದಲ ಹಂತ ಮುಗಿಯುವ ಮೊದಲೇ ಇನ್ನೊಂದು ಕಾಯಿನ್ ಹುಡುಕಬೇಕಾಗುತ್ತದೆ. 1989ರಲ್ಲಿ ಬಂದ ಈ ಆರ್ಕೇಡ್ (ಅಂಗಡಿಯ ಯಂತ್ರಕ್ಕೆ ಕಾಯಿನ್ ಹಾಕಿ ಆಡುವ) ಗೇಮ್‌ನಲ್ಲಿ ಕೈ ಎಷ್ಟು ವೇಗವಾಗಿ ಆಡುತ್ತದೆ ಅನ್ನುವುದು ಅಷ್ಟು ಮುಖ್ಯವಲ್ಲ. ನೀವು ಎಲ್ಲಿ ನಿಂತಿದ್ದೀರಿ ಅನ್ನುವುದೇ ಮುಖ್ಯ.

ಕಥೆ ಚಿಕ್ಕದು. ಯೂರಿಯಾ ಎಂಬ ನಾಡಿನ ರಾಜನನ್ನೂ ರಾಜಕುಮಾರಿಯನ್ನೂ ಡೆತ್ ಆಡರ್ ಎಂಬ ದೈತ್ಯ ಸೆರೆಹಿಡಿದಿದ್ದಾನೆ. ಚಿನ್ನದ ಕೊಡಲಿಯೂ ಅವನ ಕೈ ಸೇರಿದೆ. ಅವನಿಂದ ಮನೆಯವರನ್ನು ಕಳೆದುಕೊಂಡ ಮೂವರು ಸೇಡು ತೀರಿಸಿಕೊಳ್ಳಲು ಹೊರಡುತ್ತಾರೆ. ಆ ಮೂವರಲ್ಲಿ ಒಬ್ಬರು ನೀವು.

ಆಡುವ ಮೊದಲು ಒಂದು ಮಾತು. ಈ ಗೇಮ್ ಎರಡು ರೂಪದಲ್ಲಿ ಹೆಚ್ಚು ಸಿಗುತ್ತದೆ. ಒಂದು ಮೂಲ ಆರ್ಕೇಡ್, ಇನ್ನೊಂದು ಮನೆಯಲ್ಲಿ ಆಡುವ ಮೆಗಾ ಡ್ರೈವ್ ಕನ್ಸೋಲ್‌ಗೆ ಮಾಡಿದ್ದು. ಮೆಗಾ ಡ್ರೈವ್‌ನದರಲ್ಲಿ ಕೊನೆಗೆ ಇನ್ನೊಂದು ಹಂತವೂ ಡೆತ್ ಬ್ರಿಂಗರ್ ಎಂಬ ಇನ್ನೊಬ್ಬ ಖಳನೂ ಇದ್ದಾರೆ. ಆರ್ಕೇಡ್‌ನಲ್ಲಿ ಡೆತ್ ಆಡರ್ ಬಿದ್ದರೆ ಆಟ ಮುಗಿಯಿತು. ಇಲ್ಲಿ ಹೇಳುತ್ತಿರುವುದು ಆರ್ಕೇಡ್‌ನ ಮಾತು. ಚಿತ್ರ, ಸದ್ದು ಎರಡರಲ್ಲೂ ಅದೇ ಚೆಂದ ಅಂತ ನನ್ನ ಅಭಿಪ್ರಾಯ. ಹಳೆಯ ಯಂತ್ರ ಸಿಗುವುದು ಈಗ ಕಷ್ಟ. 2020ರಲ್ಲಿ ಜಪಾನ್‌ನಲ್ಲಿ ಬಿಡುಗಡೆಯಾದ ‘ಆಸ್ಟ್ರೋ ಸಿಟಿ ಮಿನಿ’ ಎಂಬ ಪುಟಾಣಿ ಯಂತ್ರದಲ್ಲಿ ಆರ್ಕೇಡ್ ರೂಪವೇ ಇದೆ.

ಕೈಗೆ ಬರಬೇಕಾದ್ದು

ಒಂದು ಜಾಯ್‌ಸ್ಟಿಕ್, ಮೂರು ಬಟನ್: ಹೊಡೆತ, ನೆಗೆತ, ಮಂತ್ರ. ಇಷ್ಟೇ. ಆದರೆ ಇವುಗಳನ್ನು ಸೇರಿಸಿದಾಗ ಬೇರೆ ಪಟ್ಟುಗಳು ಹುಟ್ಟುತ್ತವೆ.

ಜಾಯ್‌ಸ್ಟಿಕ್ಕನ್ನು ಒಂದೇ ದಿಕ್ಕಿಗೆ ಬೇಗಬೇಗ ಎರಡು ಸಲ ತಳ್ಳಿದರೆ ಓಟ. ಓಡುತ್ತಾ ಹೊಡೆತದ ಬಟನ್ ಒತ್ತಿದರೆ ಎದುರಾಳಿಗೆ ಜೋರಾಗಿ ಗುದ್ದಿ ಬೀಳಿಸುತ್ತೀರಿ. ಓಡುತ್ತಾ ನೆಗೆದು, ಗಾಳಿಯಲ್ಲಿದ್ದಾಗ ಹೊಡೆದರೆ ಆಯುಧವನ್ನು ಕೆಳಮುಖ ಮಾಡಿ ಇಳಿಯುತ್ತೀರಿ. ಈ ಪೆಟ್ಟು ಭಾರಿ, ಆದರೆ ಗುರಿ ತಪ್ಪುವುದೂ ಸುಲಭ. ಹೊಡೆತ, ನೆಗೆತ ಎರಡನ್ನೂ ಒಟ್ಟಿಗೆ ಒತ್ತಿದರೆ ಬೆನ್ನ ಹಿಂದೆ ಇರುವವನಿಗೆ ಏಟು. ಇದನ್ನು ಮೊದಲ ದಿನವೇ ಅಭ್ಯಾಸ ಮಾಡಿ. ಮರೆತವರೇ ಜಾಸ್ತಿ.

ಹತ್ತಿರ ನಿಂತು ಹೊಡೆತದ ಬಟನ್ ಒತ್ತುತ್ತಾ ಹೋದರೆ ನಿಮ್ಮ ಆಟಗಾರ ತಾನಾಗಿಯೇ ಕತ್ತಿಯ ಹಿಡಿಯಿಂದ ಕುಟ್ಟುವುದು, ಹಿಡಿದು ಎಸೆಯುವುದು ಎಲ್ಲ ಮಾಡುತ್ತಾನೆ. ಅದಕ್ಕೆ ಬೇರೆ ಬಟನ್ ಬೇಡ.

ಮೂವರಲ್ಲಿ ಯಾರು?

ಆಕ್ಸ್ ಬ್ಯಾಟ್ಲರ್ ಕತ್ತಿ ಹಿಡಿದ ಕಟ್ಟುಮಸ್ತಾದ ಆಳು. ಟೈರಿಸ್ ಫ್ಲೇರ್ ಯೋಧೆ. ಗಿಲಿಯಸ್ ಥಂಡರ್‌ಹೆಡ್ ಕೊಡಲಿ ಹೊತ್ತ ಗಡ್ಡದ ಕುಳ್ಳ. ಹೆಸರಲ್ಲಿ ಆಕ್ಸ್ ಇರುವವನ ಕೈಯಲ್ಲಿ ಕತ್ತಿ, ಕೊಡಲಿ ಇರುವುದು ಇನ್ನೊಬ್ಬನ ಕೈಯಲ್ಲಿ. ತಮಾಷೆ ಅಲ್ವಾ?

ಮುಖ್ಯ ವ್ಯತ್ಯಾಸ ಮಂತ್ರದಲ್ಲಿ. ಗಿಲಿಯಸ್‌ನದು ಸಿಡಿಲು, 3 ಮಟ್ಟದವರೆಗೆ. ಆಕ್ಸ್‌ನದು ನೆಲ ಸ್ಫೋಟಿಸುವ ಮಂತ್ರ, 4 ಮಟ್ಟ. ಟೈರಿಸ್‌ನದು ಬೆಂಕಿ, 6 ಮಟ್ಟ. ಆರನೆಯದಕ್ಕೆ ಸ್ಕ್ರೀನ್ ಮೇಲೆ ದೊಡ್ಡ ಡ್ರ್ಯಾಗನ್ ಬಂದು ಬೆಂಕಿ ಉಗುಳುತ್ತದೆ. ನೋಡುವುದಕ್ಕಾದರೂ ಒಮ್ಮೆ ಟೈರಿಸ್ ಆಡಬೇಕು. ಆದರೆ ಹೊಸಬರಿಗೆ ನಾನು ಹೇಳುವುದು ಗಿಲಿಯಸ್. ದಾರಿಯಲ್ಲಿ ಸಿಗುವ ಮಂತ್ರದ ಸೀಸೆಗಳನ್ನು ಕೂಡಿಸಿದಷ್ಟೂ ಮಂತ್ರದ ಮಟ್ಟ ಏರುತ್ತದೆ. ಅವನ ಸೀಸೆಗಳ ಲೆಕ್ಕ ಬೇಗ ಭರ್ತಿಯಾಗುತ್ತದೆ, ಹಾಗಾಗಿ ಕೂಡಿಡುವ ಆಸೆಯೇ ಬರುವುದಿಲ್ಲ. ಕೊಡಲಿಯನ್ನೇ ನಂಬಿ ಆಡುವುದನ್ನು ಕಲಿಯುತ್ತೀರಿ.

ನಿಲ್ಲುವ ಜಾಗ

ಇಲ್ಲೇ ಆಟ ಇರುವುದು. ಈ ಗೇಮ್‌ನಲ್ಲಿ ಎಡ ಬಲ ಮಾತ್ರವಲ್ಲ, ಮೇಲೆ ಕೆಳಗೂ ಓಡಾಡಬಹುದು. ನೀವೂ ಎದುರಾಳಿಯೂ ಒಂದೇ ಸಾಲಿನಲ್ಲಿದ್ದರೆ ಮಾತ್ರ ಏಟು ತಗಲುತ್ತದೆ. ಅವನು ನಿಮ್ಮ ಕಡೆ ಓಡಿ ಬರುತ್ತಿದ್ದರೆ ಎದುರು ನಿಂತು ಶೌರ್ಯ ತೋರಿಸಬೇಡಿ. ಒಂದು ಸಾಲು ಮೇಲಕ್ಕೋ ಕೆಳಕ್ಕೋ ಸರಿಯಿರಿ. ಅವನು ದಾಟಿ ಹೋಗುತ್ತಾನೆ. ನೀವು ಅವನ ಬಳಿ ಹೋಗುವಾಗಲೂ ನೇರವಾಗಿ ಹೋಗಬೇಡಿ, ಓರೆಯಾಗಿ ಹೋಗಿ.

ಶತ್ರುಗಳು ಸಾಮಾನ್ಯವಾಗಿ ಜೋಡಿಯಾಗಿ ಬರುತ್ತಾರೆ. ಒಬ್ಬ ಮುಂದೆ ನಿಂತು ನಿಮ್ಮನ್ನು ತಡೆಯುತ್ತಾನೆ, ಇನ್ನೊಬ್ಬ ಸುತ್ತಿ ಬಂದು ಬೆನ್ನಿಗೆ ಬೀಳುತ್ತಾನೆ. ಕಬಡ್ಡಿಯಲ್ಲಿ ರೈಡರ್ ಎಲ್ಲರನ್ನೂ ಕಣ್ಣ ಮುಂದೆ ಇಟ್ಟುಕೊಂಡು ಆಡುತ್ತಾನಲ್ಲ, ಹಾಗೆ ಆಡಬೇಕು. ಇಬ್ಬರ ನಡುವೆ ಸಿಕ್ಕಿದಿರಿ ಅನ್ನಿಸಿದರೆ ಹೊಡೆಯುವುದನ್ನು ಬಿಟ್ಟು ಮೊದಲು ಓಡಿ. ಸ್ಕ್ರೀನ್‌ನ ಒಂದು ಬದಿಗೆ ಹೋಗಿ ತಿರುಗಿ ನಿಂತರೆ ಇಬ್ಬರೂ ಒಂದೇ ಕಡೆಯಿಂದ ಬರಬೇಕಾಗುತ್ತದೆ. ಆಮೇಲೆ ಒಬ್ಬನನ್ನು ಬೀಳಿಸಿ, ಸ್ವಲ್ಪ ದೂರ ಹೋಗಿ, ಅವನು ಏಳುವ ಹೊತ್ತಿಗೆ ಸರಿಯಾಗಿ ಓಡಿ ಗುದ್ದಿ. ಮತ್ತೆ ಬೀಳುತ್ತಾನೆ. ಇದೊಂದೇ ಪಟ್ಟು ಕಲಿತರೂ ಅರ್ಧ ಆಟ ದಾಟಬಹುದು.

ಮೊದಲ ಹಂತದ ಕೊನೆಗೆ ಬರುವ ಸುತ್ತಿಗೆ ಹಿಡಿದ ಇಬ್ಬರು ದೈತ್ಯರಿಗೂ ಇದೇ ಮದ್ದು. ಮೈ ದೊಡ್ಡದು, ಆದರೆ ಅವರೂ ಸಾಲು ತಪ್ಪಿದರೆ ಹೊಡೆಯಲಾರರು. ಅಸ್ಥಿಪಂಜರಗಳು ಮಾತ್ರ ಬೇರೆ ಜಾತಿ. ಅವು ಚುರುಕು. ಅವುಗಳ ಎದುರು ಹತ್ತಿರದ ಕತ್ತಿವರಸೆಗೆ ಇಳಿಯಬೇಡಿ. ಓಡಿ ಗುದ್ದಿ, ದೂರ ಸರಿಯಿರಿ, ಮತ್ತೆ ಓಡಿ ಗುದ್ದಿ.

ಕಂದಕ ಕಂಡರೆ ಖುಷಿಪಡಿ. ನೀವು ಅಂಚಿನ ಹತ್ತಿರ ನಿಂತು ಕೊನೇ ಕ್ಷಣದಲ್ಲಿ ಸರಿದರೆ, ಓಡಿ ಬರುತ್ತಿರುವವನು ಸೀದಾ ಒಳಗೆ. ಒಂದು ಏಟೂ ಬೇಕಿಲ್ಲ. ನೀವು ಬಿದ್ದರೂ ಅದೇ ಗತಿ ಅನ್ನುವುದು ನೆನಪಿರಲಿ.

ಪ್ರಾಣಿ ಸಿಕ್ಕರೆ ಬಿಡಬೇಡಿ

ಕೆಲವು ಶತ್ರುಗಳು ವಿಚಿತ್ರ ಪ್ರಾಣಿಗಳ ಮೇಲೆ ಕುಳಿತು ಬರುತ್ತಾರೆ. ಸವಾರನನ್ನು ಕೆಡವಿ, ಹತ್ತಿರ ಹೋಗಿ ನೀವು ಹತ್ತಿಕೊಳ್ಳಿ. ಕೊಕ್ಕು, ಉದ್ದ ಬಾಲ ಇರುವ ಒಂದು ಪ್ರಾಣಿ ಬಾಲ ಬೀಸಿ ಹೊಡೆಯುತ್ತದೆ. ಇದು 1988ರ ‘ಆಲ್ಟರ್ಡ್ ಬೀಸ್ಟ್’ ಗೇಮ್‌ನಲ್ಲೂ ಇತ್ತು. ಎರಡೂ ಗೇಮ್ ರೂಪಿಸಿದವರು ಮಕೋಟೊ ಉಚಿಡಾ. ನೀಲಿ ಡ್ರ್ಯಾಗನ್ ಎದುರಿಗೆ ಬೆಂಕಿ ಊದುತ್ತದೆ, ಕೆಂಪು ಡ್ರ್ಯಾಗನ್ ದೂರಕ್ಕೆ ಬೆಂಕಿಯುಂಡೆ ಎಸೆಯುತ್ತದೆ. ಕೆಂಪು ಸಿಕ್ಕರೆ ಅದೃಷ್ಟ. ಒಂದು ಮೂಲೆಯಲ್ಲಿ ನಿಂತು, ಸಾಲು ಸರಿಮಾಡಿಕೊಂಡು ಉಂಡೆ ಎಸೆಯುತ್ತಿದ್ದರೆ ಸಾಕು.

ನಿಮಗೆ ಏಟು ಬಿದ್ದರೆ ನೀವೂ ಕೆಳಗೆ ಬೀಳುತ್ತೀರಿ. ಆಗ ಬೇರೆಯವರು ಹತ್ತದಂತೆ ನೋಡಿಕೊಳ್ಳಿ. ಪದೇ ಪದೇ ಸವಾರ ಬೀಳುತ್ತಿದ್ದರೆ ಪ್ರಾಣಿ ಬೇಸತ್ತು ಓಡಿಹೋಗುತ್ತದೆ.

ಸೀಸೆ, ಕಳ್ಳರು

ಚೀಲ ಹೊತ್ತ ಪುಟ್ಟ ಕಳ್ಳರು ಓಡಾಡುತ್ತಾರೆ. ನೀಲಿ ಬಟ್ಟೆಯವನನ್ನು ಹೊಡೆದರೆ ಮಂತ್ರದ ಸೀಸೆ, ಹಸಿರು ಬಟ್ಟೆಯವನಿಂದ ಮಾಂಸ. ಮಾಂಸ ತಿಂದರೆ ಜೀವ ಮರಳುತ್ತದೆ. ಹಂತಗಳ ನಡುವೆ ನೀವು ಬೆಂಕಿ ಕಾಯಿಸುತ್ತಾ ಮಲಗಿದ್ದಾಗ ಕಳ್ಳರು ಬಂದು ನಿಮ್ಮ ಸೀಸೆಗಳನ್ನೇ ಕದಿಯುತ್ತಾರೆ. ಅವರು ಓಡುವಷ್ಟರಲ್ಲಿ ಹೊಡೆದು ವಾಪಸ್ ತೆಗೆದುಕೊಳ್ಳಬೇಕು. ಬೆನ್ನಟ್ಟಿದರೆ ಸುಮ್ನೆ ಸಮಯ ಹಾಳು. ಅವರು ಬರುವ ದಾರಿಯಲ್ಲಿ ಕಾದು ನಿಲ್ಲಿ.

ಮಂತ್ರದ ಬಟನ್ ಒತ್ತಿದರೆ ಇರುವ ಸೀಸೆಗಳೆಲ್ಲ ಒಟ್ಟಿಗೆ ಖಾಲಿ. ಸ್ವಲ್ಪ ಬಳಸಿ ಉಳಿದದ್ದು ಇಟ್ಟುಕೊಳ್ಳಲು ಆಗುವುದಿಲ್ಲ. ಹಾಗಾಗಿ ಇಬ್ಬರು ಸಾಮಾನ್ಯ ಸೈನಿಕರ ಮೇಲೆ ಹಾಳುಮಾಡಬೇಡಿ. ಸ್ಕ್ರೀನ್ ತುಂಬ ಜನ ಸೇರಿ ದಾರಿ ಕಾಣದಾಗ ಒತ್ತಿ.

ಜೊತೆಗಾರ ಇದ್ದರೆ ಇಬ್ಬರೂ ಒಟ್ಟಿಗೆ ಆಡಬಹುದು. ಆದರೆ ಒಬ್ಬರ ಏಟು ಇನ್ನೊಬ್ಬರಿಗೂ ತಗಲುತ್ತದೆ! ಒಬ್ಬರು ಮೇಲಿನ ಸಾಲು, ಒಬ್ಬರು ಕೆಳಗಿನ ಸಾಲು ಅಂತ ಮೊದಲೇ ಹಂಚಿಕೊಂಡರೆ ಜಗಳ ಕಡಿಮೆ.

ಡೆತ್ ಆಡರ್

ದೊಡ್ಡ ಆಮೆಯ ಬೆನ್ನ ಮೇಲಿನ ಊರು ದಾಟಿ, ದೊಡ್ಡ ಹದ್ದಿನ ಮೇಲೆ ಹಾರಿ, ಅರಮನೆ ಸೇರಿದ ಮೇಲೆ ಅವನು ಸಿಗುತ್ತಾನೆ. ಕೈಯಲ್ಲಿ ಅದೇ ಚಿನ್ನದ ಕೊಡಲಿ, ಜೊತೆಗೆ ಮಂತ್ರ. ಅವನ ಎದುರು ನಿಂತು ಹೊಡೆದಾಡಿ ಗೆಲ್ಲುವುದು ಕಷ್ಟ. ಸಾಲು ಬದಲಿಸುತ್ತಾ ಇರಿ, ಅವನು ಕೊಡಲಿ ಬೀಸಿ ಮುಗಿಸಿದ ಕೂಡಲೇ ಓಡಿ ಗುದ್ದಿ, ಅಲ್ಲೇ ನಿಲ್ಲದೆ ಹೊರಬನ್ನಿ. ಮಂತ್ರದ ಸೀಸೆ ಉಳಿದಿದ್ದರೆ ಇದೇ ಜಾಗ.

ಅವನು ಬಿದ್ದ ತಕ್ಷಣ ಯಂತ್ರ ಬಿಟ್ಟು ಹೋಗಬೇಡಿ. ಇಬ್ಬರು ಹುಡುಗರು ಇದೇ ಗೇಮ್ ಆಡುತ್ತಿರುವ ದೃಶ್ಯ ಬರುತ್ತದೆ. ಅವರ ಯಂತ್ರ ಕೆಟ್ಟು, ಒಳಗಿದ್ದ ಶತ್ರುಗಳೆಲ್ಲ ಬೀದಿಗೆ ಓಡುತ್ತಾರೆ, ಹಿಂದೆಯೇ ಮೂವರು ವೀರರು ಅಟ್ಟಿಸಿಕೊಂಡು ಹೋಗುತ್ತಾರೆ. ಇದು ಮೆಗಾ ಡ್ರೈವ್‌ನಲ್ಲಿ ನೋಡಲು ಸಿಗುವುದಿಲ್ಲ.