‘ಸೆಟ್’ ಪದವನ್ನು ಪಳಗಿಸುವುದು ಹೇಗೆ?

ಇಂಗ್ಲಿಷಿನ ಗಂಧಗಾಳಿ ಇಲ್ಲದವರೂ ಸಲೀಸಾಗಿ ಹೇಳುವ ಇಂಗ್ಲಿಷ್ ಪದ ‘ಸೆಟ್’. ಹೋಟೆಲಿನಲ್ಲಿ ಸೆಟ್ ದೋಸೆ, ಹೊಲದಲ್ಲಿ ಪಂಪ್‌ಸೆಟ್, ಅಂಗಡಿಯಲ್ಲಿ ಬಳೆ ಸೆಟ್. ಮಾತುಕತೆ ಕುದುರಿದರೆ ‘ಎಲ್ಲಾ ಸೆಟ್ ಆಯ್ತು’. ಇಷ್ಟು ಪರಿಚಯ ಇರುವ ಪದವೇ ಇಂಗ್ಲಿಷ್ ಪೇಪರ್ ಓದುವಾಗ ಕೈಕೊಡುತ್ತದೆ. ಒಂದೇ ಪುಟದಲ್ಲಿ ಕೋರ್ಟು ಏನನ್ನೋ ‘ಸೆಟ್’ ಮಾಡಿರುತ್ತದೆ, ಮಳೆಯೂ ‘ಸೆಟ್’ ಆಗಿರುತ್ತದೆ, ಬಸ್ ದರವೂ ಯಾವುದಕ್ಕೋ ‘ಸೆಟ್’ ಆಗಿರುತ್ತದೆ.

ತಪ್ಪು ಓದುವವರದಲ್ಲ. 1989ರಲ್ಲಿ ಬಂದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಎರಡನೇ ಆವೃತ್ತಿ 20 ಸಂಪುಟಗಳದ್ದು. ಅದರಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ಇದ್ದದ್ದು ಈ ಮೂರಕ್ಷರದ ಕ್ರಿಯಾಪದಕ್ಕೆ. ಸುಮಾರು 430 ಅರ್ಥ, 60,000 ಪದಗಳಷ್ಟು ವಿವರಣೆ. ನಿಘಂಟಿನ ಪರಿಷ್ಕರಣೆ ನಡೆಯುತ್ತಾ 645 ಅರ್ಥಗಳೊಂದಿಗೆ ‘ರನ್’ ಅದನ್ನು ಹಿಂದೆ ಹಾಕಿತು, ಅದು ಬೇರೆ ಮಾತು. 430 ಅರ್ಥ ಬಾಯಿಪಾಠ ಮಾಡುವುದು ಆಗದ ಹೋಗದ ಕೆಲಸ. ಬೇಕಾಗಿಯೂ ಇಲ್ಲ. ಕನ್ನಡ ಬಲ್ಲವರಿಗೆ ಒಂದು ಹತ್ತಿರದ ದಾರಿ ಇದೆ.

ಹೆಜ್ಜೆ 1: ಗುಂಪಿನ ‘ಸೆಟ್’ ಅನ್ನು ಬದಿಗಿಡಿ

ನಾವು ಒಂದೇ ಅಂದುಕೊಂಡಿರುವ ಪದ ನಿಜಕ್ಕೂ ಎರಡು. ಒಂದು, ಜೊತೆಯಾಗಿ ಇರುವ ವಸ್ತುಗಳ ಗುಂಪು. ಇದು ಲ್ಯಾಟಿನ್ನಿನ ‘ಸೆಕ್ಟಾ’ ಎಂಬ ಪದದಿಂದ ಹಳೆಯ ಫ್ರೆಂಚ್ ಮೂಲಕ ಬಂದದ್ದು. ಪಂಥ ಎಂಬ ಅರ್ಥದ ‘ಸೆಕ್ಟ್’ ಇದರದೇ ಒಡಹುಟ್ಟು. ಇನ್ನೊಂದು ಅಪ್ಪಟ ಹಳೆಯ ಇಂಗ್ಲಿಷಿನ ಕ್ರಿಯಾಪದ. ಕಾಲ ಕಳೆದಂತೆ ಎರಡೂ ಒಂದರೊಳಗೊಂದು ಬೆರೆತವು.

ಗುಂಪಿನ ಸೆಟ್ ನಮಗೆ ತೊಂದರೆ ಕೊಡುವುದಿಲ್ಲ. ಎರಡೋ ಮೂರೋ ಒಟ್ಟಿಗೆ ಬರುವ ದೋಸೆ, ಟೆನಿಸ್ಸಿನಲ್ಲಿ ಒಟ್ಟಿಗೆ ಎಣಿಸುವ ಗೇಮ್‌ಗಳು, ಗಣಿತದಲ್ಲಿ ನಾವು ‘ಗಣ’ ಎಂದು ಓದಿದ ಪಾಠ, ಎಲ್ಲಾ ಇದೇ. ಮೋಟಾರು, ಪಂಪು ಕೂಡಿದರೆ ಪಂಪ್‌ಸೆಟ್. ಟೀವಿ ಸೆಟ್ ಕೂಡ ಹೀಗೆ ಬಿಡಿಭಾಗ ಸೇರಿಸಿ ಆದದ್ದು. ಆ ಟೀವಿ ಸೆಟ್ಟಿನ ತಲೆ ಮೇಲೆ ಇಡುತ್ತಿದ್ದ ಡಬ್ಬಿಯೇ ‘ಸೆಟ್ ಟಾಪ್ ಬಾಕ್ಸ್’. ಈಗ ಟೀವಿ ಗೋಡೆಗೆ ಅಂಟಿಕೊಂಡಷ್ಟು ತೆಳ್ಳಗಾಗಿದೆ, ಮೇಲೆ ಏನೂ ನಿಲ್ಲುವುದಿಲ್ಲ. ಹಾಗಾಗಿ ನಮ್ಮ ಜನ ಅದನ್ನು ‘ಸೆಟಪ್ ಬಾಕ್ಸ್’ ಮಾಡಿಕೊಂಡಿದ್ದಾರೆ. ಕೇಬಲ್ ಹುಡುಗನಿಗೆ ಅರ್ಥವಾದರೆ ಸಾಕು, ಅಲ್ವಾ?

ಹೆಜ್ಜೆ 2: ‘ಕೂರಿಸು’ ಹಾಕಿ ನೋಡಿ

ಈಗ ಮುಖ್ಯ ವಿಷಯ. ಕ್ರಿಯಾಪದ ‘ಸೆಟ್’ ಹುಟ್ಟಿದ್ದು ‘ಸಿಟ್’ನಿಂದ. ಸಿಟ್ ಅಂದರೆ ಕೂರು, ಸೆಟ್ ಅಂದರೆ ಕೂರಿಸು. ಇಂಗ್ಲಿಷಿನಲ್ಲಿ ಇಂಥ ಜೋಡಿಗಳು ಇನ್ನೂ ಒಂದಷ್ಟು ಉಳಿದಿವೆ. ರೈಸ್ ಏಳು, ರೇಯ್ಸ್ ಎಬ್ಬಿಸು. ಲೈ ಮಲಗು, ಲೇ ಮಲಗಿಸು. ಫಾಲ್ ಬೀಳು, ಫೆಲ್ ಬೀಳಿಸು (ಮರ ಕಡಿದು ಉರುಳಿಸುವುದು). ನಾವು ‘ಇಸು’ ಹಚ್ಚಿ ಮಾಡುವ ಕೆಲಸವನ್ನು ಅವರು ಒಳಗಿನ ಸ್ವರ ಬದಲಿಸಿ ಮಾಡಿದ್ದರು.

ಹಾಗಾಗಿ ‘ಸೆಟ್’ ಕಂಡ ಕೂಡಲೇ ಅಲ್ಲಿ ‘ಕೂರಿಸು’ ಇಟ್ಟು ಓದಿ. ಉಂಗುರಕ್ಕೆ ವಜ್ರ ಸೆಟ್ ಮಾಡುತ್ತಾರೆ. ನಮ್ಮ ಅಕ್ಕಸಾಲಿಗರೂ ಹರಳು ಕೂರಿಸುತ್ತಾರೆ. ಡಾಕ್ಟರು ಮುರಿದ ಮೂಳೆ ಸೆಟ್ ಮಾಡುತ್ತಾರೆ. ನಾವು ಮೂಳೆ ಕೂರಿಸಿದರು ಅನ್ನುತ್ತೇವೆ. ಇಂಗ್ಲಿಷ್ ರೈತರು ಮೊಟ್ಟೆ ಮೇಲೆ ಕೋಳಿಯನ್ನು ‘ಸೆಟ್’ ಮಾಡುತ್ತಿದ್ದರು. ನಮ್ಮ ಹಳ್ಳಿಯ ಅಜ್ಜಿಯರು ಕೋಳಿಯನ್ನು ಕಾವಿಗೆ ಕೂರಿಸುತ್ತಾರೆ. ಕವಿತೆಯನ್ನು ಸಂಗೀತಕ್ಕೆ ಸೆಟ್ ಮಾಡುವುದೆಂದರೆ ರಾಗಕ್ಕೆ ಕೂರಿಸುವುದು. ನಡುವೆ ಸಾವಿರಾರು ಮೈಲಿ ದೂರ, ಭಾಷೆಗಳಿಗೆ ಏನೂ ನೆಂಟಸ್ತಿಕೆ ಇಲ್ಲ. ಆದರೂ ಕೋಳಿ, ಮೂಳೆ, ಹರಳು, ಹಾಡು ನಾಲ್ಕಕ್ಕೂ ಇಬ್ಬರೂ ಹಿಡಿದದ್ದು ಒಂದೇ ಮಾತನ್ನು. ನಿಘಂಟಿನ 430ರ ಪಟ್ಟಿಗಿಂತ ಇದು ನನಗೆ ಜಾಸ್ತಿ ಖುಷಿ ಕೊಡುವ ಸಂಗತಿ.

‘ಕೂರಿಸು’ ಸರಿಹೋಗದಿದ್ದರೆ ‘ಇಡು’ ಪ್ರಯತ್ನಿಸಿ. ಅಲಾರಂ ಇಡು, ಬೋನು ಇಡು, ಮುಹೂರ್ತ ಇಡು. ಮೂರಕ್ಕೂ ಇಂಗ್ಲಿಷಿನಲ್ಲಿ ಸೆಟ್ಟೇ. ಅದೂ ಆಗದಿದ್ದರೆ ‘ಹಚ್ಚು’. ‘ಸೆಟ್ ಫೈರ್’ ಅಂದರೆ ಬೆಂಕಿ ಹಚ್ಚು, ‘ಸೆಟ್ ಟು ವರ್ಕ್’ ಅಂದರೆ ಕೆಲಸಕ್ಕೆ ಹಚ್ಚು. ಉತ್ತರ ಕರ್ನಾಟಕದವರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ. ಈ ಮೂರು ಪದಗಳಲ್ಲಿ ದೊಡ್ಡ ಪಾಲು ಮುಗಿಯುತ್ತದೆ. ಉಳಿದವು ಸಂದರ್ಭ ನೋಡಿ. ‘ಸೆಟ್ ದಿ ಟೇಬಲ್’ ಅನ್ನುವುದನ್ನು ‘ಮೇಜು ಸಿದ್ಧಪಡಿಸಿ’ ಎಂದು ಅನುವಾದಿಸಿದ್ದನ್ನು ನೋಡಿದ್ದೇನೆ. ನಮ್ಮ ಮನೆಗಳಲ್ಲಿ ಅದು ‘ಎಲೆ ಹಾಕಿ’ ಅಥವಾ ‘ತಟ್ಟೆ ಹಾಕಿ’, ಅಷ್ಟೇ.

ಹೆಜ್ಜೆ 3: ತಾನಾಗಿಯೇ ಕೂರುವ ‘ಸೆಟ್’

ಕೆಲವು ಕಡೆ ಯಾರೂ ಕೂರಿಸುವುದಿಲ್ಲ, ವಸ್ತುವೇ ಕೂತುಕೊಳ್ಳುತ್ತದೆ. ಸೂರ್ಯ ಸೆಟ್ ಆಗುತ್ತಾನೆ, ಅಂದರೆ ಮುಳುಗುತ್ತಾನೆ. ಮೊಸರು ಸೆಟ್ ಆಗುತ್ತದೆ, ಅಂದರೆ ಹೆಪ್ಪುಗಟ್ಟುತ್ತದೆ. ಬರ್ಫಿ ಮಾಡುವ ವಿಧಾನದಲ್ಲಿ ‘ಸೆಟ್ ಆಗಲು ಬಿಡಿ’ ಎಂದಿದ್ದರೆ ಗಟ್ಟಿಯಾಗಲು ಬಿಡಿ ಎಂದರ್ಥ. ‘ಆರಲು ಬಿಡಿ’ ಎಂದು ಬರೆದರೆ ಪೂರ್ತಿ ಸರಿಯಲ್ಲ. ಆರಿದ್ದೆಲ್ಲ ಗಟ್ಟಿಯಾಗಬೇಕೆಂದಿಲ್ಲ. ಬರ್ಫಿ ಮಾಡಿ ಕೈ ಸುಟ್ಟುಕೊಂಡವರಿಗೆ ಇದು ಗೊತ್ತು.

ಈ ‘ಸೆಟ್’ ಅನ್ನು ಅಳತೆ ಹಿಡಿದು ನೋಡಬೇಕೆಂದರೆ ಮನೆ ಕಟ್ಟುವ ಜಾಗಕ್ಕೆ ಬನ್ನಿ. ಸಿಮೆಂಟಿಗೆ ನೀರು ಬಿದ್ದ ಗಳಿಗೆಯಿಂದ ಗಡಿಯಾರ ಓಡಲು ಶುರು. ಭಾರತೀಯ ಮಾನಕದ ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟು 30 ನಿಮಿಷಕ್ಕೆ ಮೊದಲು ಸೆಟ್ ಆಗಲು ಶುರುವಾಗಬಾರದು, 600 ನಿಮಿಷದೊಳಗೆ ಪೂರ್ತಿ ಸೆಟ್ ಆಗಿರಬೇಕು. ಪರೀಕ್ಷೆ ಮಾಡುವ ಉಪಕರಣಕ್ಕೆ ವಿಕಾ ಎಂಬ ಫ್ರೆಂಚ್ ಎಂಜಿನಿಯರನ ಹೆಸರಿದೆ. 40 ಮಿಲಿಮೀಟರ್ ಆಳದ ಅಚ್ಚಿನಲ್ಲಿ ಕಲಸಿದ ಸಿಮೆಂಟು ತುಂಬಿ, ಮೇಲಿಂದ ಒಂದು ಸೂಜಿ ಇಳಿಬಿಡುತ್ತಾರೆ. ಮೊದಮೊದಲು ಸೂಜಿ ತಳದವರೆಗೂ ಇಳಿಯುತ್ತದೆ. ಯಾವಾಗ ಅದು ತಳದಿಂದ ಸುಮಾರು 5 ಮಿಲಿಮೀಟರ್ ಮೇಲೆಯೇ ನಿಂತುಬಿಡುತ್ತದೋ ಆಗ ‘ಸೆಟ್’ ಶುರುವಾಯಿತು ಎಂದು ಲೆಕ್ಕ. ಸೆಟ್ ಆಯಿತು ಅಂದರೆ ಬಲ ಬಂತು ಎಂದಲ್ಲ, ಆಕಾರ ಹಿಡಿಯಿತು ಅಷ್ಟೇ. ಬಲ ಬರಲು ದಿನಗಟ್ಟಲೆ ನೀರು ಹಾಕಿ ಕ್ಯೂರಿಂಗ್ ಮಾಡಬೇಕು. ಮೇಸ್ತ್ರಿಗಳು ಈ ಎರಡು ಪದಗಳನ್ನು ಎಂದೂ ಅದಲುಬದಲು ಮಾಡುವುದಿಲ್ಲ. ಮನೆ ಕಟ್ಟಿಸುವ ಯಜಮಾನರೇ ಮಾಡುವುದು.

ಓಟದ ಪಂದ್ಯದ ‘ಸೆಟ್’ ಕೂಡ ಹತ್ತಿರದ ಅರ್ಥದ್ದೇ. 400 ಮೀಟರ್‌ವರೆಗಿನ ಓಟಗಳಲ್ಲಿ ‘ಆನ್ ಯುವರ್ ಮಾರ್ಕ್ಸ್’ ಆದ ಮೇಲೆ ‘ಸೆಟ್’ ಎನ್ನುತ್ತಾರೆ. ಓಟಗಾರರು ಸೊಂಟ ಮೇಲೆತ್ತಿ ಅಲ್ಲಾಡದೆ ನಿಲ್ಲಬೇಕು. ಅದಕ್ಕಿಂತ ದೂರದ ಓಟಗಳಲ್ಲಿ ಈ ಮಾತೇ ಇಲ್ಲ, ನೇರ ಪಿಸ್ತೂಲಿನ ಸದ್ದು.

ಹೆಜ್ಜೆ 4: ಬಾಲ ನೋಡದೆ ಅರ್ಥ ಮಾಡಬೇಡಿ

ಸೆಟ್ ಹಿಂದೆ ಅಪ್, ಆಫ್, ಔಟ್, ಇನ್, ಅಸೈಡ್ ಇತ್ಯಾದಿ ಬಂದರೆ ಎಚ್ಚರ. ಎಲ್ಲಕ್ಕಿಂತ ಜಾಸ್ತಿ ಎಡವುವುದು ‘ಸೆಟ್ ಅಸೈಡ್’ನಲ್ಲಿ. ಮನೆಯ ಮಾತಿನಲ್ಲಿ ಅದು ಎತ್ತಿಡುವುದು, ತಿಂಗಳ ಸಂಬಳದಲ್ಲಿ ಸ್ವಲ್ಪ ಎತ್ತಿಟ್ಟ ಹಾಗೆ. ಕೋರ್ಟಿನ ಸುದ್ದಿಯಲ್ಲಿ ಹಾಗಲ್ಲ. ಹೈಕೋರ್ಟಿನ ಆದೇಶವನ್ನು ಸುಪ್ರೀಂ ಕೋರ್ಟು ‘ಸೆಟ್ ಅಸೈಡ್’ ಮಾಡಿತು ಅಂದರೆ ರದ್ದು ಮಾಡಿತು. ಆಮೇಲೆ ನೋಡೋಣ ಎಂದು ಬದಿಗಿಟ್ಟದ್ದಲ್ಲ. ಕೇಸು ಇರುವವರು ಈ ಒಂದನ್ನಾದರೂ ನೆನಪಿಟ್ಟುಕೊಳ್ಳಿ.

‘ಸೆಟ್ ಆಫ್’ ಮೂರು ಕಡೆ ಮೂರು ವೇಷ ಹಾಕುತ್ತದೆ. ಪ್ರಯಾಣದಲ್ಲಾದರೆ ಹೊರಡುವುದು, ಪಟಾಕಿಯಲ್ಲಾದರೆ ಹಚ್ಚಿ ಸಿಡಿಸುವುದು, ಆದಾಯ ತೆರಿಗೆಯಲ್ಲಾದರೆ ನಷ್ಟವನ್ನು ಆದಾಯದಿಂದ ವಜಾ ಮಾಡುವುದು. ಹಳೆಯ ತೆರಿಗೆ ಪದ್ಧತಿಯಲ್ಲಿ ಮನೆ ಆಸ್ತಿಯ ನಷ್ಟವನ್ನು ಸಂಬಳದ ಎದುರು ವರ್ಷಕ್ಕೆ 2 ಲಕ್ಷ ರೂಪಾಯಿವರೆಗೆ ‘ಸೆಟ್ ಆಫ್’ ಮಾಡಬಹುದು ಎನ್ನುವಾಗ ಇರುವುದು ಈ ಮೂರನೆಯದು.

‘ಸೆಟ್‌ಬ್ಯಾಕ್’ ಸುದ್ದಿಯಲ್ಲಿ ಹಿನ್ನಡೆ, ಮನೆ ಪ್ಲಾನಿನಲ್ಲಿ ಗೋಡೆಗೂ ಸೈಟಿನ ಗಡಿಗೂ ನಡುವೆ ಬಿಡಬೇಕಾದ ಜಾಗ. ಆ ಜಾಗ ಬಿಡದಿದ್ದರೆ ಮುಂದೆ ಮೊದಲನೇ ಅರ್ಥವೂ ತಾನಾಗಿ ಬರುತ್ತದೆ. ‘ಸೆಟ್ ಔಟ್’ ಹೊರಡು. ‘ಸೆಟ್ ಇನ್’ಗೆ ಮಾತ್ರ ನಮ್ಮಲ್ಲಿ ಒಳ್ಳೆಯ ಮಾತಿದೆ, ಹಿಡಿಯುವುದು: ಮಳೆ ಹಿಡಿಯಿತು, ಚಳಿ ಹಿಡಿಯಿತು. ಬಂದದ್ದು ಬೇಗ ಹೋಗುವುದಿಲ್ಲ ಎಂಬ ಸೂಚನೆ ಎರಡು ಭಾಷೆಯಲ್ಲೂ ಇದೆ.

ಶೀರ್ಷಿಕೆಗಳಲ್ಲಿ ‘ಸೆಟ್ ಟು’ ಕಂಡರೆ ಕೆಲಸ ಇನ್ನೂ ಆಗಿಲ್ಲ ಎಂದು ತಿಳಿಯಿರಿ. ಬಸ್ ದರ ‘ಸೆಟ್ ಟು ರೈಸ್’ ಅಂದರೆ ಏರುವ ಸಾಧ್ಯತೆ ಇದೆ, ಏರಿಲ್ಲ. ಈ ತಪ್ಪು ಮಾಡಿ ಕಂಡಕ್ಟರ್ ಜೊತೆ ಜಗಳಕ್ಕೆ ನಿಂತರೆ ನಷ್ಟ ನಿಮ್ಮದೇ.

ಹೆಜ್ಜೆ 5: ಬರೆಯುವಾಗ

‘ಸೆಟೆಡ್’ ಎಂಬ ರೂಪ ಇಲ್ಲ. ಇಂದೂ ಸೆಟ್, ನಿನ್ನೆಯೂ ಸೆಟ್. ಕಟ್, ಪುಟ್, ಹಿಟ್ ಹೇಗೋ ಹಾಗೆ. ‘ಹಿ ಸೆಟ್ಸ್’ ಎಂದಿದ್ದರೆ ಈಗಿನದು, ‘ಹಿ ಸೆಟ್’ ಎಂದಿದ್ದರೆ ಆಗಿಹೋದದ್ದು. ‘ದೇ’ ಜೊತೆ ಬಂದಾಗ ಆ ಗುರುತೂ ಇರುವುದಿಲ್ಲ, ಹಾಗಾಗಿ ನಿನ್ನೆ, ದಿನಾ ಎಂಬಂಥ ಪದ ಸೇರಿಸಿ ಬರೆಯಿರಿ.

ಕೆಲಸ ಹೇಳುವಾಗ ‘ಸೆಟ್ ಅಪ್’ ಎರಡು ಪದ, ಹೆಸರಾದಾಗ ‘ಸೆಟಪ್’ ಒಂದೇ ಪದ. ಮೊದಲನೆಯದರಲ್ಲಿ ಒತ್ತು ‘ಅಪ್’ ಮೇಲೆ, ಎರಡನೆಯದರಲ್ಲಿ ‘ಸೆಟ್’ ಮೇಲೆ. ‘ಇಟ್ ವಾಸ್ ಎ ಸೆಟಪ್’ ಎಂದು ಯಾರಾದರೂ ಅಂದರೆ ಅವರು ವ್ಯವಸ್ಥೆಯನ್ನು ಹೊಗಳುತ್ತಿಲ್ಲ. ನನ್ನನ್ನು ಬೇಕೆಂದೇ ಸಿಕ್ಕಿಸಿದರು ಎಂದು ದೂರುತ್ತಿದ್ದಾರೆ. ನಮ್ಮ ಕಡೆಯ ಪೋಲಿ ಮಾತಿನಲ್ಲಿ ‘ಸೆಟಪ್’ಗೆ ಇರುವ ಅರ್ಥ ಇಲ್ಲಿ ಬೇಡ, ಓದುಗರಿಗೆ ಗೊತ್ತೇ ಇದೆ.

ಹೆಜ್ಜೆ 6: ನಮ್ಮ ಸೆಟ್ಟನ್ನು ವಾಪಸ್ ಇಂಗ್ಲಿಷಿಗೆ ಒಯ್ಯಬೇಡಿ

ಕನ್ನಡಕ್ಕೆ ಬಂದ ಮೇಲೆ ‘ಸೆಟ್ ಆಗು’ ನಮ್ಮದೇ ಪದವಾಗಿದೆ. ‘ಈ ಅಂಗಿ ನಿನಗೆ ಸೆಟ್ ಆಗುತ್ತೆ’, ‘ಆ ಊರಿನ ನೀರು ನನಗೆ ಸೆಟ್ ಆಗಲ್ಲ’, ‘ಅತ್ತೆ ಸೊಸೆಗೆ ಸೆಟ್ಟೇ ಆಗಲಿಲ್ಲ’. ಕನ್ನಡದಲ್ಲಿ ಮೂರೂ ಚೆಂದ. ಇದನ್ನೇ ‘ಇಟ್ ಈಸ್ ನಾಟ್ ಸೆಟ್ಟಿಂಗ್’ ಎಂದರೆ ಇಂಗ್ಲಿಷಿನವರಿಗೆ ಜೆಲ್ಲಿಯೋ ಸಿಮೆಂಟೋ ನೆನಪಾಗುತ್ತದೆ. ಅಂಗಿಗೆ ‘ಸೂಟ್ಸ್’, ನೀರಿಗೆ ‘ಡಸಂಟ್ ಅಗ್ರೀ ವಿತ್ ಮಿ’, ಅತ್ತೆ ಸೊಸೆಗೆ ‘ಡೋಂಟ್ ಗೆಟ್ ಅಲಾಂಗ್’ ಬಳಸಿ.

ಅಮೆರಿಕಕ್ಕೆ ಮಗನ ಮನೆಗೋ ಮಗಳ ಮನೆಗೋ ಹೊರಟವರಿಗೆ ಇನ್ನೊಂದು ಮಾತು. ಅಲ್ಲಿನ ಹೋಟೆಲಿನಲ್ಲಿ ಮಾಣಿ ಬಂದು ‘ಆರ್ ಯು ಆಲ್ ಸೆಟ್?’ ಎಂದು ಕೇಳುತ್ತಾರೆ. ಸರಿಯಾಗಿ ಕೂತಿದ್ದೀರಾ ಎಂದಲ್ಲ, ಇನ್ನೇನೂ ಬೇಡ ತಾನೇ ಎಂದು. ‘ಎಸ್’ ಅಂದರೆ ಬಿಲ್ ಬರುತ್ತದೆ. ಇನ್ನೊಂದು ಕಾಫಿ ಬೇಕಿದ್ದರೆ ‘ನಾಟ್ ಯೆಟ್’ ಅನ್ನಿ.