ಬೀಜದ ಲೈಬ್ರರಿ ಶುರು ಮಾಡುವುದು ಹೇಗೆ?

ಕೈತೋಟಕ್ಕೆಂದು ಒಂದು ಪೊಟ್ಟಣ ಬೀಜ ತಂದರೆ ಅರ್ಧಕ್ಕರ್ಧ ಉಳಿದುಬಿಡುತ್ತದೆ, ಅಲ್ವಾ? ನಾಲ್ಕಾರು ಮನೆಯವರು ಉಳಿದದ್ದನ್ನು ಒಂದೆಡೆ ಕೂಡಿಸಿದರೆ ಬೀಜದ ಲೈಬ್ರರಿಗೆ ಅಷ್ಟೇ ಬಂಡವಾಳ ಸಾಕು. ಬೇಕಾದವರು ಬೀಜ ಒಯ್ಯುತ್ತಾರೆ, ಬೆಳೆಯುತ್ತಾರೆ, ಒಂದೆರಡು ಗಿಡವನ್ನು ಬೀಜಕ್ಕೆ ಬಿಟ್ಟು ಹೊಸ ಬೀಜ ತಂದುಕೊಡುತ್ತಾರೆ. ಕ್ಯಾಲಿಫೋರ್ನಿಯಾದ ರಿಚ್ಮಂಡ್‌ನಲ್ಲಿ 2010ರಲ್ಲಿ ಸಾರ್ವಜನಿಕ ಗ್ರಂಥಾಲಯದೊಳಗೇ ಇಂಥದ್ದೊಂದು ಶುರುವಾಯಿತು. ಅದನ್ನು ನೋಡಿ ಬೇರೆ ಊರಿನವರೂ ಮಾಡಿದರು.

ಮೊದಲು ಜಾಗ. ಗ್ರಂಥಾಲಯ, ಶಾಲೆ, ಸಮುದಾಯ ಭವನ, ಯಾವುದಾದರೂ ಸರಿ. ಬಿಸಿಲು ಬೀಳಬಾರದು, ತೇವ ಇರಬಾರದು. ಹೊಣೆ ಹೊರಲು ಇಬ್ಬರಾದರೂ ಇರಲಿ.

ಆಮೇಲೆ ಯಾವ ಬೀಜ ಎಂಬ ಪ್ರಶ್ನೆ. ಎಡವುವುದು ಇಲ್ಲೇ. ಶುರುವಿಗೆ ಬೀನ್ಸ್, ಬಟಾಣಿ, ಟೊಮೆಟೊ, ಲೆಟಿಸ್ ಸಾಕು. ಇವುಗಳ ಹೂ ಸಾಮಾನ್ಯವಾಗಿ ತನ್ನ ಪರಾಗದಿಂದಲೇ ಕಾಯಿ ಕಟ್ಟುತ್ತದೆ. ಹಾಗಾಗಿ ತಳಿ ಬೆರಕೆಯಾಗುವುದು ಕಡಿಮೆ. ಕುಂಬಳದ ಕಥೆ ಬೇರೆ. ಪಕ್ಕದ ತೋಟದ ಇನ್ನೊಂದು ತಳಿಯ ಪರಾಗವನ್ನು ಜೇನುನೊಣ ತಂದು ಹಾಕಿದರೆ ಈ ಸಲದ ಕಾಯಿ ಚೆನ್ನಾಗಿಯೇ ಇರುತ್ತದೆ. ಅದರ ಬೀಜ ಬಿತ್ತಿದಾಗ ಮಾತ್ರ ಏನು ಬರುತ್ತದೋ ಹೇಳಲಾಗದು. ಕೆಲವೊಮ್ಮೆ ಕಹಿ ಕಾಯಿ ಬರುತ್ತದೆ. ಅದನ್ನು ತಿನ್ನಬಾರದು, ಹೊಟ್ಟೆ ಕೆಡುತ್ತದೆ. ಮೆಕ್ಕೆಜೋಳಕ್ಕೂ ಕೈ ಹಾಕಬೇಡಿ. ನಾಲ್ಕೈದು ಗಿಡದಿಂದ ಬೀಜ ಹಿಡಿದರೆ ತಲೆಮಾರಿನಿಂದ ತಲೆಮಾರಿಗೆ ಸೊರಗುತ್ತದೆ.

ಹೈಬ್ರಿಡ್ ಬೀಜವನ್ನು ಬಿತ್ತಲು ಕೊಡಬಹುದು. ಅದರಿಂದ ಬೀಜ ಹಿಡಿದು ವಾಪಸ್ ತರುವುದು ಬೇಡ, ತಾಯಿಗಿಡದಂತೆ ಬರುವುದಿಲ್ಲ. ರೋಗ ಬಂದ ಗಿಡದ ಬೀಜವೂ ಬೇಡ. ಬೀನ್ಸ್‌ನ ಮೊಸಾಯಿಕ್ ವೈರಸ್ ಬೀಜದೊಳಗೇ ಕೂತು ಮುಂದಿನ ತೋಟಕ್ಕೂ ಹೋಗುತ್ತದೆ.

ಬೀಜ ತೆಗೆಯುವುದನ್ನು ಸದಸ್ಯರಿಗೆ ಕಣ್ಣೆದುರೇ ಮಾಡಿ ತೋರಿಸಿ. ಚೆನ್ನಾಗಿ ಹಣ್ಣಾದ ಟೊಮೆಟೊ ಕೊಯ್ದು, ಬೀಜವನ್ನು ಲೋಳೆಯ ಸಮೇತ ಲೋಟಕ್ಕೆ ಹಿಂಡಿ. ಸ್ವಲ್ಪ ನೀರು ಹಾಕಿ ಎರಡು ಮೂರು ದಿನ ಬಿಡಿ. ಮೇಲೆ ಬಿಳಿ ಪೊರೆ ಕಟ್ಟುತ್ತದೆ, ವಾಸನೆ ಬರುತ್ತದೆ. ಹೆದರಬೇಡಿ, ಲೋಳೆ ಕರಗುವುದೇ ಹಾಗೆ. ನೀರು ಹಾಕಿ ಕಲಕಿದರೆ ಗಟ್ಟಿ ಬೀಜ ತಳಕ್ಕೆ ಇಳಿಯುತ್ತದೆ, ಜೊಳ್ಳು ತೇಲುತ್ತದೆ. ಜೊಳ್ಳು ಚೆಲ್ಲಿ, ಉಳಿದದ್ದನ್ನು ತೊಳೆದು ತಟ್ಟೆಯ ಮೇಲೆ ನೆರಳಲ್ಲಿ ಒಣಗಿಸಿ. ಕಾಗದದ ಮೇಲೆ ಹರಡಿದರೆ ಅಂಟಿಕೊಂಡು ಪಜೀತಿ. ಬೀನ್ಸ್‌ಗೆ ಇಷ್ಟೆಲ್ಲ ಇಲ್ಲ. ಕಾಯಿ ಬಳ್ಳಿಯಲ್ಲೇ ಒಣಗಿ, ಅಲ್ಲಾಡಿಸಿದರೆ ಗಲಗಲ ಅನ್ನುವಾಗ ಬಿಡಿಸಿದರಾಯಿತು.

ಇನ್ನು ಚೀಟಿ. ನನ್ನ ಕೇಳಿದರೆ ಕಪಾಟಿಗಿಂತ ಇದೇ ಮುಖ್ಯ. ಬೆಳೆ, ತಳಿ, ಬೀಜ ಹಿಡಿದ ವರ್ಷ, ಬೆಳೆದವರು, ಅಕ್ಕಪಕ್ಕ ಬೇರೆ ತಳಿ ಇತ್ತೇ, ಇಷ್ಟನ್ನೂ ಪೊಟ್ಟಣದ ಮೇಲೆಯೇ ಬರೆಯಬೇಕು. ‘ಆಮೇಲೆ ಬರೆಯೋಣ’ ಅಂದ ಪೊಟ್ಟಣ ಯಾರಿಗೂ ಬೇಡವಾಗುತ್ತದೆ.

ಒಣಗಿದ ಬೀಜವನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ, ಗಾಳಿಯಾಡದ ಡಬ್ಬಿಯಲ್ಲಿ ತಂಪಾದ ಕಡೆ ಇಡಿ. ಹೀಗಿಟ್ಟರೆ ಟೊಮೆಟೊ ನಾಲ್ಕು ವರ್ಷ, ಬೀನ್ಸ್ ಮೂರು ವರ್ಷ ತಡೆಯುತ್ತದೆ. ಈರುಳ್ಳಿ ಬೀಜ ಒಂದೆರಡು ವರ್ಷಕ್ಕೇ ಸತ್ತುಹೋಗುತ್ತದೆ.

ತಂದುಕೊಡದವರಿಗೆ ದಂಡ ಹಾಕಬೇಡಿ. ಬೆಳೆ ಕೈಕೊಟ್ಟಿರಬಹುದು, ಸುಮ್ನೆ ಮರೆತೂ ಇರಬಹುದು. ಬೀಜದ ಬದಲು ಅವರ ತೋಟದಲ್ಲಿ ಹೆಚ್ಚಾದ ತರಕಾರಿ ತಂದರೂ ನಡೆಯುತ್ತದೆ. ಅದಕ್ಕೊಂದು ಬುಟ್ಟಿ ಇಡಿ, ಬೇಕಾದವರು ಒಯ್ಯಲಿ.

ಬಿತ್ತನೆಗೆ ಮುಂಚೆ ಹಳೇ ಪೊಟ್ಟಣಗಳನ್ನು ಪರೀಕ್ಷಿಸಿ. ಹತ್ತು ಬೀಜವನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿಡಿ. ವಾರ, ಹತ್ತು ದಿನದಲ್ಲಿ ಏಳೆಂಟು ಮೊಳೆತರೆ ಕೊಡಬಹುದು. ಐದು ಮೊಳೆತರೆ ‘ಎರಡರಷ್ಟು ಬಿತ್ತಿ’ ಅಂತ ಬರೆದು ಕೊಡಿ. ಎರಡೋ ಮೂರೋ ಮೊಳೆತರೆ ಕಾಂಪೋಸ್ಟ್ ಗುಂಡಿಗೆ ಹಾಕಿ.