ತುಮಕೂರಿನ ವ್ಯಾನು, ಕರಾವಳಿಯ ಸೆಕೆ: ಇಬ್ಬರು ಮಲಗುವ ಗಾಡಿ ಸಜ್ಜು ಮಾಡಿದ ಬಗೆ

ತುಮಕೂರಿನ ಒಣ ಹವೆಯಲ್ಲಿ, ಮನೆ ಮುಂದೆ ನಿಲ್ಲಿಸಿದ ವ್ಯಾನಿನೊಳಗೆ ಮಲಗಿ ನೋಡಿದರೆ ಯಾವ ತೊಂದರೆಯೂ ಕಾಣುವುದಿಲ್ಲ. ಅದೇ ಗಾಡಿಯಲ್ಲಿ ಮರವಂತೆಯ ಹತ್ತಿರ ಒಂದು ರಾತ್ರಿ ಕಳೆದರೆ ಬೆಳಗ್ಗೆ ಗಾಜಿನ ಒಳಮೈಯಲ್ಲಿ ನೀರು ಇಳಿಯುತ್ತಿರುತ್ತದೆ, ಹಾಸಿಗೆಯ ತಳ ಒದ್ದೆಯಾಗಿರುತ್ತದೆ. ಇಬ್ಬರ ಉಸಿರು, ಬೆವರು ಸೇರಿ ರಾತ್ರಿಗೆ ಅರ್ಧ ಲೀಟರಿಗಿಂತ ಹೆಚ್ಚು ನೀರು ಗಾಳಿಗೆ ಸೇರುತ್ತದೆ. ಆ ನೀರಿಗೆ ಹೊರಗೆ ಹೋಗುವ ದಾರಿ ಬೇಕು. ಕರಾವಳಿಗೆ ಗಾಡಿ ಸಜ್ಜು ಮಾಡುವಾಗ ಮೊದಲು ತೇವ ಮತ್ತು ಉಪ್ಪಿನ ಲೆಕ್ಕ ನೋಡಬೇಕು. ಒಲೆ, ದೀಪ ಎಲ್ಲ ಆಮೇಲೆ.

ನಮ್ಮದು ಎಂಜಿನ್ ಮುಂದಿನ ಸೀಟಿನ ಕೆಳಗಿರುವ, ಹಿಂದಿನ ಚಕ್ರ ಎಳೆಯುವ ಚಿಕ್ಕ ಪೆಟ್ರೋಲ್ ವ್ಯಾನು. ಹಿಂದಿನ ಸೀಟು ಮಡಚಿದರೆ 6 ಅಡಿ ಉದ್ದ, 4 ಅಡಿ ಅಗಲ ಸಿಗುತ್ತದೆ. ಗಾಡಿಯ ಮೈಗೆ ಒಂದು ತೂತನ್ನೂ ಕೊರೆದಿಲ್ಲ, ಸೀಟು ಬಿಚ್ಚಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿ ನಮೂದಾದ ವಿವರ ಬದಲಾಗುವಂತೆ ಗಾಡಿ ಮಾರ್ಪಡಿಸುವಂತಿಲ್ಲ. ಅಪಘಾತವಾದಾಗ ವಿಮೆಯವರು ಮೊದಲು ನೋಡುವುದೂ ಅದನ್ನೇ. ಹಾಗಾಗಿ ಎಲ್ಲವೂ ಹತ್ತು ನಿಮಿಷದಲ್ಲಿ ಹೊರಗೆ ತೆಗೆದಿಡುವಂತಿದೆ.

ಮಂಚಕ್ಕೆ 12 ಮಿ.ಮೀ. ದಪ್ಪದ, ಐಎಸ್ 710 ಗುರುತಿನ, ನೀರು ತಡೆಯುವ ಮರೀನ್ ಪ್ಲೈವುಡ್ ಬಳಸಿದೆವು. ಸಾಮಾನ್ಯ ಪ್ಲೈವುಡ್ ಉಪ್ಪುಗಾಳಿಯಲ್ಲಿ ಪದರ ಬಿಡುತ್ತದೆ. ಮೂರು ತುಂಡು ಮಾಡಿ ಹಿಂಜಿನಿಂದ ಜೋಡಿಸಿ, 15 ಸೆಂ.ಮೀ.ಗೊಂದರಂತೆ 25 ಮಿ.ಮೀ. ತೂತು ಹೊಡೆಯಬೇಕು. ಕೊರೆದ ತೂತಿನ ಅಂಚಿಗೆ ವಾರ್ನಿಶ್ ಹಚ್ಚುವುದನ್ನು ಬಹಳ ಜನ ಮರೆಯುತ್ತಾರೆ, ಪ್ಲೈವುಡ್ ನೀರು ಹೀರಲು ಶುರುವಾಗುವುದು ಅಲ್ಲಿಂದಲೇ. ಮೇಲೆ ಫೋಮ್ ಹಾಕಬೇಡಿ. ಅದು ತೇವ ಹಿಡಿದಿಟ್ಟುಕೊಂಡು ಮೂರನೇ ದಿನಕ್ಕೆ ವಾಸನೆ ಬರುತ್ತದೆ. ತಿಪಟೂರಿನ ಪಕ್ಕದಲ್ಲೇ ಇದ್ದುಕೊಂಡು ಫೋಮ್ ಯಾಕೆ? ರಬ್ಬರ್ ಹಾಕಿದ ತೆಂಗಿನ ನಾರಿನ 3 ಇಂಚಿನ ಹಾಸಿಗೆಯಲ್ಲಿ ಗಾಳಿಯಾಡುತ್ತದೆ, ಬೆಳಗ್ಗೆ ಒಂದು ಗಂಟೆ ನಿಲ್ಲಿಸಿಟ್ಟರೆ ಒಣಗುತ್ತದೆ.

ಗಾಳಿಗೆ ಎದುರುಬದುರು ಎರಡು ಕಿಟಕಿಗಳನ್ನು ಮೂರು ಬೆರಳಿನಷ್ಟು ತೆರೆದಿಡಬೇಕು. ಎರಡಕ್ಕೂ ಸೊಳ್ಳೆ ಪರದೆ. ಅಯಸ್ಕಾಂತದ ಪಟ್ಟಿ ತುಕ್ಕು ಹಿಡಿದು ಬಾಗಿಲಿನ ಬಣ್ಣಕ್ಕೆ ಕಲೆ ಮಾಡುತ್ತದೆ, ವೆಲ್ಕ್ರೋ ವಾಸಿ. 12 ವೋಲ್ಟಿನ ಎರಡು ಫ್ಯಾನುಗಳಲ್ಲಿ ಒಂದನ್ನು ಮೈಮೇಲೆ, ಇನ್ನೊಂದನ್ನು ಒಳಗಿನ ಗಾಳಿ ಹೊರಗೆ ತಳ್ಳುವಂತೆ ಕಿಟಕಿಗೆ ಇಟ್ಟೆವು. ಎರಡನ್ನೂ ಮೈಮೇಲೆ ಬಿಟ್ಟುಕೊಂಡರೆ ಅದೇ ಒದ್ದೆ ಗಾಳಿ ಒಳಗೇ ಸುತ್ತುತ್ತದೆ.

ಕರೆಂಟಿನ ಲೆಕ್ಕ ಇದು. 10 ವ್ಯಾಟಿನ ಎರಡು ಫ್ಯಾನು 9 ಗಂಟೆಗೆ 180 ವ್ಯಾಟ್-ಅವರ್, 5 ವ್ಯಾಟಿನ ದೀಪ 4 ಗಂಟೆಗೆ 20, ಎರಡು ಫೋನಿಗೆ 40, ಒಟ್ಟು 240. 12.8 ವೋಲ್ಟ್, 50 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿಯಲ್ಲಿ 640 ಇದೆ, ಎರಡು ರಾತ್ರಿಗೆ ಸಾಕು. ಸೋಲಾರ್ ಫಲಕ ಹಾಕಿಲ್ಲ. ಗಾಳಿಮರದ ನೆರಳಿನಲ್ಲಿ ನಿಲ್ಲಿಸಿದರೆ ಅದು ಏನೂ ಕೊಡುವುದಿಲ್ಲ, ಬಿಸಿಲಲ್ಲಿ ನಿಲ್ಲಿಸಿದರೆ ಗಾಡಿ ಒಲೆಯಾಗುತ್ತದೆ. ಬದಲಿಗೆ 20 ಆಂಪಿಯರಿನ ಡಿಸಿ-ಡಿಸಿ ಚಾರ್ಜರ್ ಇದೆ, ಗಾಡಿ ಓಡುವಾಗ ಗಾಡಿಯ ಬ್ಯಾಟರಿ ಕಡೆಯಿಂದ ಮಿತಿಯಲ್ಲಿ ಕರೆಂಟು ತೆಗೆದು ಲಿಥಿಯಂ ಬ್ಯಾಟರಿಗೆ ತುಂಬುವ ಪೆಟ್ಟಿಗೆ ಅದು. ಎರಡು ಗಂಟೆ ಗಾಡಿ ಓಡಿಸಿದರೆ 500 ವ್ಯಾಟ್-ಅವರ್ ಹತ್ತಿರ ತುಂಬುತ್ತದೆ.

ಖರ್ಚು ಉಳಿಸಲು ಕೆಲವರು ಚಾರ್ಜರ್ ಬದಲು ಬರೀ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್ಚು) ಹಾಕಿ ಗಾಡಿಯ ಬ್ಯಾಟರಿಗೂ ಲಿಥಿಯಂಗೂ ನೇರ ಜೋಡಿಸುತ್ತಾರೆ. ಲಿಥಿಯಂ ಬ್ಯಾಟರಿಯ ಒಳರೋಧ ಕಡಿಮೆ, ಸಿಕ್ಕಷ್ಟು ಕರೆಂಟು ಎಳೆಯುತ್ತದೆ. ಎಂಜಿನ್ ತಿರುಗುವಾಗ ಕರೆಂಟು ಕೊಡುವ ಚಿಕ್ಕ ಆಲ್ಟರ್ನೇಟರ್ ಕಾದು ಸುಡುವುದು ಹೀಗೆ. ಗಾಡಿಯ ಬ್ಯಾಟರಿಯಿಂದ ಲಿಥಿಯಂ ಕಡೆಗೆ ಬರುವ ತಂತಿ 10 ಚದರ ಮಿ.ಮೀ. ಇರಲಿ. ಹೋಗಿಬರುವ 8 ಮೀಟರಿಗೆ 20 ಆಂಪಿಯರಿನಲ್ಲಿ ಸುಮಾರು 0.28 ವೋಲ್ಟ್ ಕಳೆಯುತ್ತದೆ, 6 ಚದರ ಮಿ.ಮೀ. ಆದರೆ 0.46. ಎರಡೂ ಬ್ಯಾಟರಿಗಳ ಪಕ್ಕದಲ್ಲೇ ಒಂದೊಂದು 30 ಆಂಪಿಯರ್ ಫ್ಯೂಸ್ ಇರಬೇಕು. ತಂತಿಯ ಎರಡೂ ತುದಿಯಲ್ಲಿ ಬ್ಯಾಟರಿ ಇರುವುದರಿಂದ ಒಂದೇ ಫ್ಯೂಸ್ ಸಾಲದು. ತಂತಿಯ ತುದಿಗೆ ಹಾಕುವ ಲಗ್ಗು ತವರ ಲೇಪಿಸಿದ್ದೇ ಬೇಕು. ಬರೀ ತಾಮ್ರ ಸಮುದ್ರದ ಗಾಳಿಗೆ ಹಸಿರು ಹಿಡಿದು ಬಿಸಿಯಾಗುತ್ತದೆ. ಬಿಗಿ ಮಾಡಿದ ಮೇಲೆ ವ್ಯಾಸಲೀನ್ ಸವರಿ.

ನೀರಿಗೆ 20 ಲೀಟರಿನ ಎರಡು ಕ್ಯಾನು. ಅಂದರೆ 40 ಕೆ.ಜಿ., ಹಿಂದಿನ ಆಕ್ಸಲ್‌ಗಿಂತ ಮುಂದೆ, ನೆಲಮಟ್ಟದಲ್ಲಿ ಕಟ್ಟಿದ್ದೇವೆ. ನಮ್ಮ ಕಡೆ ಊರೂರಿಗೂ ಶುದ್ಧ ನೀರಿನ ಘಟಕ ಇರುವ ಅಭ್ಯಾಸದಲ್ಲಿ ಹೋಗಬೇಡಿ. ಕಡಲಂಚಿನ ಕೆಲವು ಬಾವಿಗಳ ನೀರು ಉಪ್ಪು, ಕುಡಿದು ನೋಡಿಯೇ ತುಂಬಿಸಿ. ಶೌಚಕ್ಕೆ ಮುಚ್ಚಳವಿರುವ ಬಕೆಟ್, ಒಳಗೆ ದಪ್ಪ ಚೀಲ, ಪ್ರತಿ ಸಲ ಎರಡು ಹಿಡಿ ತೆಂಗಿನ ನಾರಿನ ಪುಡಿ. ಪುಡಿ ಒಣಗಿರಲಿ, ಮೂತ್ರ ಬೇರೆ ಇರಲಿ. ಅವೆರಡು ಬೆರೆತರೇ ನಾತ. ಗ್ಯಾಸ್ ಒಲೆ ಹೊರಗೆ ಮಾತ್ರ, ಮಳೆ ಬಂದರೆ ಅವಲಕ್ಕಿ.

ದಾರಿ: ಗುಬ್ಬಿ, ತಿಪಟೂರು, ಅರಸೀಕೆರೆ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಚಾರ್ಮಾಡಿ, ಉಜಿರೆ, ಮಂಗಳೂರು. ಇದು ರಾಷ್ಟ್ರೀಯ ಹೆದ್ದಾರಿ 73, ಸುಮಾರು 300 ಕಿ.ಮೀ. ಘಾಟಿ ಇಳಿಯುವಾಗ ಎರಡನೇ ಗೇರು, ಬ್ರೇಕು ಆಗಾಗ ಒತ್ತಿ ಬಿಡಬೇಕು. ಒತ್ತಿಕೊಂಡೇ ಇಳಿದರೆ ಡ್ರಮ್ಮು ಕಾದು ಹಿಡಿತ ಹೋಗುತ್ತದೆ. ಮಳೆಗಾಲದಲ್ಲಿ ಈ ದಾರಿ ನೆಚ್ಚಬೇಡಿ, 2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಬಂದ್ ಆಗಿತ್ತು. ನವೆಂಬರಿನಿಂದ ಫೆಬ್ರವರಿ ಒಳ್ಳೆಯದು.

ಮಂಗಳೂರಿನಿಂದ ಹೆದ್ದಾರಿ 66ರಲ್ಲಿ ಉತ್ತರಕ್ಕೇ ಹೋಗಬೇಕು. ಆಗ ಸಮುದ್ರ ಎಡಕ್ಕಿರುತ್ತದೆ, ರಸ್ತೆ ದಾಟದೆ ನೇರ ಕಡಲ ಕಡೆಗೆ ಇಳಿಯಬಹುದು. ಕಾರವಾರದಿಂದ ಕೆಳಗೆ ಬಂದರೆ ಪ್ರತಿ ನಿಲುಗಡೆಗೂ ಯೂ ಟರ್ನ್ ಹುಡುಕಬೇಕು. ಪಡುಬಿದ್ರಿ, ಕಾಪು, ಮರವಂತೆ, ಮುರುಡೇಶ್ವರ, ಹೊನ್ನಾವರದ ಕಾಸರಕೋಡು, ಗೋಕರ್ಣ, ಕಾರವಾರ. ಸುಮಾರು 270 ಕಿ.ಮೀ.ಗೆ ಐದು ರಾತ್ರಿ. ವಾಪಸು ಹೊನ್ನಾವರದಿಂದ ಸಾಗರ, ಶಿವಮೊಗ್ಗ, ಅರಸೀಕೆರೆ. ಒಟ್ಟು ಸುಮಾರು 1100 ಕಿ.ಮೀ., ಲೀಟರಿಗೆ 15ರಂತೆ 73 ಲೀಟರ್ ಪೆಟ್ರೋಲು.

ರಾತ್ರಿ ನಿಲ್ಲಿಸಲು ಹೋಮ್‌ಸ್ಟೇ ಅಂಗಳ, ದೊಡ್ಡ ಪೆಟ್ರೋಲ್ ಬಂಕು, ದೇವಸ್ಥಾನದ ಪಾರ್ಕಿಂಗ್, ಎಲ್ಲವೂ ಕೇಳಿಯೇ. ದೋಣಿ ಎಳೆಯುವ ಜಾಗ ಬೇಡ. ನಸುಕಿಗೇ ಮೀನುಗಾರರು ಬರುತ್ತಾರೆ, ಅದು ಅವರ ಕೆಲಸದ ಜಾಗ. ಕಾರವಾರದ ಹತ್ತಿರ ನೌಕಾನೆಲೆಯ ಸುತ್ತಮುತ್ತ ನಿಲ್ಲಲೇಬೇಡಿ. ಮರಳಿಗೆ ಗಾಡಿ ಇಳಿಸಬಾರದು. ರಸ್ತೆಯಂಚಿನ ಮರಳಲ್ಲಿ ಹೂತರೆ ಆಕ್ಸಿಲೇಟರ್ ಒತ್ತಿದಷ್ಟೂ ಹಿಂದಿನ ಚಕ್ರ ಕೆಳಗೇ ಹೋಗುತ್ತದೆ. ಹಿಂದಿನ ಟೈರಿನ ಗಾಳಿ 18 ಪಿಎಸ್‌ಐಗೆ ಇಳಿಸಿ, ಚಕ್ರದ ಮುಂದಿನ ಮರಳು ತೋಡಿ, ಹಲಗೆ ಕೊಟ್ಟು, ಎರಡನೇ ಗೇರಿನಲ್ಲಿ ಮೆಲ್ಲಗೆ ಎತ್ತಬೇಕು. ಹೆದ್ದಾರಿ ಹತ್ತುವ ಮುಂಚೆ ಗಾಳಿ ತುಂಬಲು 12 ವೋಲ್ಟಿನ ಪಂಪು ಜೊತೆಗಿರಲಿ.

ಊರಿಗೆ ಬಂದ ಎರಡು ದಿನದೊಳಗೆ ಸಿಹಿನೀರಿನಲ್ಲಿ ಗಾಡಿಯ ಅಡಿಭಾಗ ತೊಳೆಸಬೇಕು. ಚಕ್ರದ ಕಮಾನು, ಸೈಲೆನ್ಸರ್ ಕ್ಲಾಂಪು, ಬಾಗಿಲಿನ ಕೆಳಗಿನ ನೀರು ಹೋಗುವ ಸಣ್ಣ ಕಿಂಡಿಗಳು, ಜಾರುಬಾಗಿಲಿನ ಹಳಿ. ಮರಳು ಸೇರಿ ಬಾಗಿಲು ಕಿರುಗುಟ್ಟುವುದು ಈ ಹಳಿಯಲ್ಲೇ. ಅದಕ್ಕೆ ಗ್ರೀಸ್ ಹಚ್ಚಿದರೆ ಇನ್ನಷ್ಟು ಮರಳು ಅಂಟುತ್ತದೆ, ಒಣ ಸಿಲಿಕಾನ್ ಸ್ಪ್ರೇ ಹೊಡೆಯಿರಿ.